ಮಕ್ಕಳು ಮೈಕಾಲವನ್ನು ನಡೆದು ನೋಡಲಿ

ತುಳುವರಿಗೆ ಕುಡ್ಲ, ಕೊಂಕಣಿಯವರಿಗೆ ಕೊಡಿಯಾಲ್, ಮಲಯಾಳಿಗಳಿಗೆ ಮಂಗಲಾಪುರಂ, ಸರಕಾರಕ್ಕೆ ಮಂಗಳೂರು, ನಮಗೆ ಬ್ಯಾರಿಗಳಿಗೆ ಮೈಕಾಲ. ಇಷ್ಟು ಹೆಸರು ಇರುವ ಊರು ನಮ್ಮ ಸುತ್ತಮುತ್ತ ಬೇರೆ ಯಾವುದು ಉಂಟು ಹೇಳಿ? ಆದರೆ ಈ ಊರಿನೊಳಗೆ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಊರು ಎಷ್ಟು ಗೊತ್ತು ಎಂದು ಕೇಳಿದರೆ ಉತ್ತರ ಸಣ್ಣದು. ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣ, ಬಟ್ಟೆ ತೆಗೆಯುವ ಅಂಗಡಿ, ಒಂದೆರಡು ಮಾಲ್, ಕಾಯಿಲೆ ಬಂದರೆ ಆಸ್ಪತ್ರೆ, ಗಲ್ಫಿಗೆ ಹೋಗುವವರನ್ನು ಬಿಡಲು ವಿಮಾನ ನಿಲ್ದಾಣ. ಇಷ್ಟೇ ಅವರ ಮೈಕಾಲ.

ಈ ವಾರ ಇದನ್ನು ಬರೆಯಲು ಕಾರಣ ನಗರದಲ್ಲಿ ಈಗ ಕಾಲೇಜುಗಳೂ ಯುವಕರ ತಂಡಗಳೂ ನಡೆಸುವ ‘ಟ್ರೆಷರ್ ಹಂಟ್’ ಎಂಬ ಆಟ. ನಿಧಿ ಶೋಧ ಎಂದು ಕನ್ನಡದಲ್ಲಿ ಹೇಳಬಹುದು. ನಮ್ಮ ಮೊಹಲ್ಲಾದ ಪಿಯುಸಿ ಓದುವ ನಾಲ್ವರು ಹೆಣ್ಣುಮಕ್ಕಳು ಅಂಥದ್ದೊಂದರಲ್ಲಿ ಭಾಗವಹಿಸಬೇಕೆಂದು ಆಸೆಪಟ್ಟರು. ಅದರಿಂದ ಮನೆಗಳಲ್ಲಿ ಸಣ್ಣ ಗಲಾಟೆಯೇ ಆಯಿತು. ಒಬ್ಬಳ ಬಾಪ ನನ್ನಲ್ಲಿಗೆ ಬಂದು ಕೇಳಿದರು, “ಉಸ್ತಾದರೇ, ಹೆಣ್ಣುಮಕ್ಕಳು ಚೀಟಿ ಹಿಡಿದುಕೊಂಡು ರೋಡ್ ರೋಡ್ ಓಡುವುದು ಎಂತಕ್ಕೆ? ನೀವೇ ಒಂದು ಮಾತು ಬೇಡ ಅಂತ ಹೇಳಿ, ಅವರು ಕೇಳುತ್ತಾರೆ.”

ನಾನು ಬೇಡ ಎಂದು ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂಬುದನ್ನು ಎಲ್ಲ ಮನೆಗಳಿಗೂ ತಿಳಿಸುವುದು ಒಳ್ಳೆಯದು ಅಂತ ಕಾಣುತ್ತದೆ.

ಮೊದಲು ಆಟ ಎಂತದ್ದು ಎಂದು ತಿಳಿದುಕೊಳ್ಳೋಣ. ನಾಲ್ಕರಿಂದ ಆರು ಜನರ ತಂಡ. ಶುರುವಿನಲ್ಲಿ ಒಂದು ಸುಳಿವಿನ ಚೀಟಿ ಕೊಡುತ್ತಾರೆ. ಅದರಲ್ಲಿ ಒಗಟು ಇರುತ್ತದೆ, ಇಲ್ಲವೇ ಅಕ್ಷರ ಅದಲು ಬದಲು ಮಾಡಿದ ಗುಪ್ತ ಬರಹ, ಇಲ್ಲವೇ ಅರ್ಧ ಹರಿದ ನಕ್ಷೆ. ಅದನ್ನು ಬಿಡಿಸಿದರೆ ಊರಿನ ಒಂದು ಜಾಗದ ಹೆಸರು ಸಿಗುತ್ತದೆ. ಅಲ್ಲಿಗೆ ಹೋಗಿ ಒಂದು ಫೋಟೋ ತೆಗೆಯಬೇಕು ಅಥವಾ ಅಲ್ಲಿನ ಫಲಕದಲ್ಲಿರುವ ಒಂದು ಇಸವಿ ಬರೆದುಕೊಳ್ಳಬೇಕು. ಆಗ ಮುಂದಿನ ಸುಳಿವು. ಹೀಗೆ ಏಳೆಂಟು ಜಾಗ ಮುಗಿಸಿ, ಎಲ್ಲ ಉತ್ತರಗಳನ್ನು ಜೋಡಿಸಿದರೆ ಕೊನೆಯ ಉತ್ತರ. ಓಡುವವನಿಗಿಂತ ಯೋಚಿಸುವವನಿಗೆ ಇಲ್ಲಿ ಲಾಭ. ಒಬ್ಬನಿಗೆ ಲೆಕ್ಕ ಬರಬೇಕು, ಒಬ್ಬನಿಗೆ ಇತಿಹಾಸ, ಇನ್ನೊಬ್ಬನಿಗೆ ಯಾವ ಬಸ್ ಎಲ್ಲಿಗೆ ಹೋಗುತ್ತದೆಂಬ ಜ್ಞಾನ.

ಇದು ನಿನ್ನೆ ಮೊನ್ನೆ ಹುಟ್ಟಿದ ಹುಚ್ಚೂ ಅಲ್ಲ. ಅಮೆರಿಕದ ಎಂಐಟಿ ಎಂಬ ದೊಡ್ಡ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ 1981ರಿಂದ ವರ್ಷಕ್ಕೊಮ್ಮೆ ಒಗಟಿನ ಬೇಟೆ ನಡೆಯುತ್ತಿದೆ. ಷಿಕಾಗೋ ವಿಶ್ವವಿದ್ಯಾಲಯದಲ್ಲಿ 1987ರಿಂದ ವಸ್ತು ಹುಡುಕುವ ಸ್ಪರ್ಧೆ ಉಂಟು. 2000ದಲ್ಲಿ ಜಿಪಿಎಸ್ ಎಲ್ಲರಿಗೂ ಸರಿಯಾಗಿ ಸಿಗುವಂತಾದ ಕೂಡಲೇ ಡಬ್ಬಿ ಅಡಗಿಸಿ ಜಗತ್ತಿಗೆಲ್ಲ ಹುಡುಕಲು ಬಿಡುವ ಆಟವೂ ಶುರುವಾಯಿತು. ಓದುವ ಮಕ್ಕಳ ಬುದ್ಧಿ ಚುರುಕಾಗಲೆಂದು ದೊಡ್ಡ ದೊಡ್ಡ ವಿದ್ಯಾಸಂಸ್ಥೆಗಳು ಜಾಗ ಕೊಟ್ಟು ಬೆಳೆಸಿದ ಆಟ ಇದು.

ಹಾಗಾದರೆ ಇದು ಪರರ ಆಟ, ನಮಗೆ ಎಂತಕ್ಕೆ ಎಂದು ಕೇಳಬಹುದು. ಆದರೆ ಗುಪ್ತ ಬರಹವನ್ನು ಬಿಡಿಸುವ ಶಾಸ್ತ್ರದ ಹಿರಿಯ ಗುರು ಯಾರು ಗೊತ್ತಾ? 9ನೇ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ಅಲ್ ಕಿಂದಿ. ಒಂದು ಭಾಷೆಯಲ್ಲಿ ಯಾವ ಅಕ್ಷರ ಹೆಚ್ಚು ಬರುತ್ತದೆ ಎಂದು ಎಣಿಸಿ, ಗುಪ್ತ ಬರಹದಲ್ಲಿ ಹೆಚ್ಚು ಬರುವ ಚಿಹ್ನೆಗೆ ಅದನ್ನು ಹೊಂದಿಸಿ ನೋಡುವ ಉಪಾಯವನ್ನು ಬರೆದಿಟ್ಟವರು ಅವರು. ಇಂದು ಟ್ರೆಷರ್ ಹಂಟಿನ ಮಕ್ಕಳು ಅದೇ ಉಪಾಯ ಬಳಸುತ್ತಾರೆ, ಹೆಸರು ಮಾತ್ರ ಗೊತ್ತಿಲ್ಲ. ಅಬ್ಜದ್ ಲೆಕ್ಕವೂ ಹಾಗೆಯೇ. ಅಲಿಫ್‌ಗೆ ಒಂದು, ಬಾಗೆ ಎರಡು, ಜೀಮ್‌ಗೆ ಮೂರು, ದಾಲ್‌ಗೆ ನಾಲ್ಕು. ರಿಕ್ಷಾದ ಗಾಜಿನಲ್ಲೂ ಅಂಗಡಿಯ ಲೆಕ್ಕ ಪುಸ್ತಕದ ಮೊದಲ ಪುಟದಲ್ಲೂ 786 ಎಂದು ಬರೆಯುತ್ತಾರಲ್ಲ, ಅದು ಬಿಸ್ಮಿಯ ಅಕ್ಷರಗಳ ಮೊತ್ತ. ದಿನಾ ನೋಡುವ ಸಂಖ್ಯೆ. ಎಷ್ಟು ಮಕ್ಕಳಿಗೆ ಅದು ಎಲ್ಲಿಂದ ಬಂತೆಂದು ಗೊತ್ತು? ನನ್ನ ತರಗತಿಯಲ್ಲಿ ಇದನ್ನು ಹೇಳಿಕೊಟ್ಟ ದಿನ, ಪಾಠಕ್ಕೆ ತೂಕಡಿಸುವ ಹುಡುಗ ಕೂಡ ತನ್ನ ಹೆಸರಿನ ಮೊತ್ತ ಎಷ್ಟೆಂದು ಕೂಡಿಸುತ್ತಾ ಕುಳಿತ.

ಇನ್ನು ಒಗಟು ಕೇಳಿ ಕಲಿಸುವುದು ನಮಗೆ ಹೊಸದಲ್ಲ. ಬುಖಾರಿಯಲ್ಲಿ ಬರುವ ಪ್ರಸಂಗ ಎಲ್ಲ ಉಸ್ತಾದರಿಗೂ ಗೊತ್ತು. ನೆಬಿ (ಸ) ಅವರು ಸಹಾಬಿಗಳ ನಡುವೆ ಕುಳಿತು, ಎಲೆ ಉದುರದ ಒಂದು ಮರ ಉಂಟು, ಅದು ಸತ್ಯವಿಶ್ವಾಸಿಯ ಹಾಗೆ, ಯಾವುದು ಹೇಳಿ ಎಂದು ಕೇಳಿದರು. ಎಲ್ಲರೂ ಕಾಡಿನ ಮರಗಳನ್ನು ಯೋಚಿಸತೊಡಗಿದರು. ಉಮರ್ (ರ) ಅವರ ಮಗ ಅಬ್ದುಲ್ಲಾರಿಗೆ ಅದು ಖರ್ಜೂರದ ಮರ ಎಂದು ಹೊಳೆದಿತ್ತು. ಆದರೆ ಹಿರಿಯರ ಮುಂದೆ ತಾನು ಸಣ್ಣವನೆಂದು ನಾಚಿ ಸುಮ್ಮನಿದ್ದರು. ಆಮೇಲೆ ತಂದೆಗೆ ಹೇಳಿದಾಗ, ನೀನು ಆಗಲೇ ಹೇಳಿದ್ದರೆ ನನಗೆ ಎಷ್ಟೋ ಸಂತೋಷವಾಗುತ್ತಿತ್ತು ಎಂದರು ಉಮರ್. ಈ ತಂದೆಯ ಮಾತು ನನಗೆ ಬಹಳ ಇಷ್ಟ. ಮಗ ಹಿರಿಯರ ಸಭೆಯಲ್ಲಿ ಬಾಯಿ ಬಿಡಬೇಕಿತ್ತು ಎಂದು ಆಸೆಪಟ್ಟ ತಂದೆ ಅವರು.

ನಮ್ಮ ಮಕ್ಕಳ ಕಷ್ಟ ಇದೇ ಅಲ್ವಾ? ಉತ್ತರ ಗೊತ್ತಿರುತ್ತದೆ, ಬಾಯಿ ಬರುವುದಿಲ್ಲ. ಮನೆಯಲ್ಲಿ ಬ್ಯಾರಿ, ಮದ್ರಸದಲ್ಲಿ ಅರಬಿ ಮತ್ತು ಮಲಯಾಳಂ, ಶಾಲೆಯಲ್ಲಿ ಕನ್ನಡ ಇಲ್ಲವೇ ಇಂಗ್ಲಿಷ್, ಬಸ್ಸಿನಲ್ಲಿ ತುಳು. ಇಷ್ಟು ಭಾಷೆ ನುಂಗಿದ ಮಕ್ಕಳು ಇಂಟರ್‌ವ್ಯೂನಲ್ಲಿ, ಕಾಲೇಜಿನ ವೇದಿಕೆಯಲ್ಲಿ ತಲೆ ತಗ್ಗಿಸಿ ನಿಲ್ಲುತ್ತಾರೆ. ಗುರುತಿಲ್ಲದವರ ಹತ್ತಿರ ಹೋಗಿ “ಅಣ್ಣಾ, ಈ ಕಟ್ಟಡ ಯಾವ ಕಾಲದ್ದು?” ಎಂದು ಕೇಳುವ ಧೈರ್ಯ ಪುಸ್ತಕದಿಂದ ಬರುವುದಿಲ್ಲ. ರಸ್ತೆಗೆ ಇಳಿಯಬೇಕು.

ರಸ್ತೆಗೆ ಇಳಿದರೆ ಏನು ಕಾಣುತ್ತದೆ? ನಮ್ಮ ಮಕ್ಕಳು ಆ ದಿನ ನಡೆದ ದಾರಿಯನ್ನೇ ಹೇಳುತ್ತೇನೆ. ಒಂದು ಸುಳಿವು, ‘ಇಂಗ್ಲಿಷಿನಲ್ಲಿ ದೀಪ, ಕನ್ನಡದಲ್ಲಿ ಧ್ವಜ.’ ಅದು ಲೈಟ್ ಹೌಸ್ ಹಿಲ್. ಕನ್ನಡದಲ್ಲಿ ಬಾವುಟಗುಡ್ಡೆ. 1837ರಲ್ಲಿ ಸುಳ್ಯದ ಕಡೆಯಿಂದ ಹೊರಟ ರೈತರ ದಂಡು ಬ್ರಿಟಿಷರ ಬಾವುಟ ಇಳಿಸಿ ತಮ್ಮ ಬಾವುಟ ಹಾರಿಸಿ, ಹದಿಮೂರು ದಿನ ಮಂಗಳೂರನ್ನು ಹಿಡಿದುಕೊಂಡಿದ್ದ ಜಾಗ. ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಅಲ್ಲಿಯೇ ನಿಂತಿದೆ. ಪಕ್ಕದಲ್ಲೇ ಅಲೋಶಿಯಸ್ ಕಾಲೇಜಿನ ಚಾಪೆಲ್. ಇಟಲಿಯ ಚಿತ್ರಕಾರ ಮೊಸ್ಕೇನಿ 1900ರ ಹೊತ್ತಿಗೆ ಬಿಡಿಸಿದ ಚಿತ್ರಗಳು ಅದರ ಗೋಡೆ, ಚಾವಣಿಯ ತುಂಬಾ ಇವೆ. ಇನ್ನೊಂದು ಸುಳಿವು, ‘ನನ್ನ ಹುಟ್ಟುಹಬ್ಬವನ್ನು ಕರ್ನಾಟಕದ ಪತ್ರಕರ್ತರೆಲ್ಲ ಆಚರಿಸುತ್ತಾರೆ.’ ಅದು 1843ರ ಜುಲೈ 1ರಂದು ಹೊರಬಂದ ‘ಮಂಗಳೂರ ಸಮಾಚಾರ’, ಕನ್ನಡದ ಮೊದಲ ಪತ್ರಿಕೆ. ಅದನ್ನು ಹೊರತಂದವರು ಬಾಸೆಲ್ ಮಿಷನ್‌ನ ಹರ್ಮನ್ ಮೋಗ್ಲಿಂಗ್. ಈಗ ನಿಮ್ಮ ಕೈಯಲ್ಲಿರುವ ಪತ್ರಿಕೆಯ ಮುತ್ತಜ್ಜ ಹುಟ್ಟಿದ್ದು ನಮ್ಮ ಊರಿನಲ್ಲೇ ಎಂದು ನಮ್ಮ ಹುಡುಗಿಯರಿಗೆ ಆ ದಿನವೇ ಗೊತ್ತಾದದ್ದು.

ಮತ್ತೊಂದು ಸುಳಿವು ಬಂತು, ‘ನದಿ ನನ್ನ ತವರು, ಬೆಂಕಿಯಲ್ಲಿ ಬೆಂದೆ, ಮಳೆಗೆ ಬೆನ್ನು ಕೊಟ್ಟೆ.’ ಹುಡುಗಿಯರಿಗೆ ಹೊಳೆಯಲಿಲ್ಲ. ಅವರ ಜೊತೆ ಕಾವಲಿಗೆಂದು ಹೋಗಿದ್ದ ಒಬ್ಬಳ ಉಮ್ಮ, ಏಳನೇ ತರಗತಿಗೆ ಶಾಲೆ ಬಿಟ್ಟು ಬೀಡಿ ಕಟ್ಟಿ ಮನೆ ನಡೆಸಿದವರು, ತಟ್ಟನೆ “ಹೆಂಚು ಅಲ್ಲವಾ ಅದು?” ಎಂದರು. ಪ್ರತಿ ವರ್ಷ ಮಳೆಗಾಲದ ಮೊದಲು ಮಾಡಿಗೆ ಹತ್ತಿ ಒಡೆದ ಹೆಂಚು ಬದಲಿಸುವುದನ್ನು ನೋಡಿ ಬೆಳೆದವರಿಗೆ ಅದು ಒಗಟೇ ಅಲ್ಲ. 1865ರಲ್ಲಿ ಬಾಸೆಲ್ ಮಿಷನ್ ಇಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹೆಂಚು ಸಮುದ್ರ ದಾಟಿ ಹೋಯಿತು. ಆ ಉಮ್ಮ ಸಂಜೆ ಮನೆಗೆ ಬಂದವರು, ತಾನೂ ಒಂದು ಉತ್ತರ ಹೇಳಿದೆ ಎಂದು ಮೂರು ಮನೆಗೆ ಹೋಗಿ ಹೇಳಿದರಂತೆ. ಮಗಳ ಮುಂದೆ ಆ ತಾಯಿಯ ಗೌರವ ಆ ದಿನ ಎಷ್ಟು ಏರಿರಬಹುದು, ಯೋಚಿಸಿ ನೋಡಿ.

ಕೊನೆಗೆ ಬಂದದ್ದು ಬಂದರಿಗೆ. ನಮ್ಮವರ ಬಂದರು. ಆದರೂ ನಮ್ಮ ಮಕ್ಕಳಿಗೆ ಅದು ಮೀನು ಮತ್ತು ಸಗಟು ವ್ಯಾಪಾರದ ಜಾಗ ಮಾತ್ರ. ಬೆಲಿಯೆ ಪಳ್ಳಿ ಎಂದು ನಾವು ಕರೆಯುವ ಝೀನತ್ ಬಕ್ಷ್ ಮಸೀದಿಯ ಒಳಗಿನ ತೇಗದ ಕಂಬಗಳ ಕೆತ್ತನೆಯನ್ನು ನಿಂತು ನೋಡಿದ ಹುಡುಗರು ಎಷ್ಟು ಮಂದಿ? 14ನೇ ಶತಮಾನದಲ್ಲಿ ಇಬ್ನ್ ಬತೂತ ಈ ಊರಿಗೆ ಬಂದಿದ್ದರು. ಫಾರ್ಸ್ ಮತ್ತು ಯಮನಿನ ವರ್ತಕರು ಇಲ್ಲಿ ಇಳಿಯುತ್ತಾರೆ, ಕಾಳುಮೆಣಸು ಮತ್ತು ಶುಂಠಿ ಇಲ್ಲಿ ಹೇರಳ, ಸುಮಾರು 4000 ಮುಸ್ಲಿಮರು ಇಲ್ಲಿ ವಾಸವಾಗಿದ್ದಾರೆ ಎಂದು ಬರೆದಿಟ್ಟಿದ್ದಾರೆ. ಅವರಿಗಿಂತ ಇನ್ನೂರು ವರ್ಷ ಮೊದಲು ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಹಲವು ವರ್ಷ ಇದೇ ಊರಿನಲ್ಲಿದ್ದು ವ್ಯಾಪಾರ ಮಾಡಿದ. ಅವನ ಪತ್ರಗಳು ಈಜಿಪ್ಟಿನ ಕೈರೋದಲ್ಲಿ ಸಿಕ್ಕಿವೆ. ಬೊಳೂರಿನಲ್ಲಿ ಟಿಪ್ಪು 1784ರಲ್ಲಿ ಕಟ್ಟಿಸಿದ ಸುಲ್ತಾನ್ ಬತ್ತೇರಿ ಇಂದಿಗೂ ಗುರುಪುರ ಹೊಳೆಯನ್ನು ನೋಡುತ್ತಾ ನಿಂತಿದೆ. “ನೀವು ಎಲ್ಲಿಯವರು?” ಎಂದು ನಮ್ಮ ಮಕ್ಕಳನ್ನು ಯಾರಾದರೂ ಕೇಳಿದರೆ ಅವರು ಜಗಳ ಮಾಡಬೇಕಾಗಿಲ್ಲ, ಅಳಬೇಕಾಗಿಯೂ ಇಲ್ಲ. ಇದನ್ನು ಶಾಂತವಾಗಿ ಹೇಳಲು ಬಂದರೆ ಸಾಕು. ಹೇಳಬೇಕಾದರೆ ಮೊದಲು ನೋಡಿರಬೇಕು.

ನಮ್ಮದು ಮಾತ್ರ ನೋಡಿದರೆ ಸಾಲದು. ಕದ್ರಿಯ ಲೋಕೇಶ್ವರ ಕಂಚಿನ ವಿಗ್ರಹದ ಪೀಠದಲ್ಲಿ ಕ್ರಿ.ಶ. 968ರ ಶಾಸನ ಉಂಟು. ಕುದ್ರೋಳಿಯ ದೇವಸ್ಥಾನವನ್ನು 1912ರಲ್ಲಿ ಪ್ರತಿಷ್ಠೆ ಮಾಡಿದವರು ನಾರಾಯಣ ಗುರುಗಳು. ದೇವಸ್ಥಾನಗಳಿಗೆ ಹತ್ತಲು ಬಿಡದಿದ್ದ ಜನರಿಗೆ ಬಾಗಿಲು ತೆರೆದ ಜಾಗ ಅದು. ಹಂಪನಕಟ್ಟೆಯ ಮಿಲಾಗ್ರಿಸ್ ಚರ್ಚ್ 1680ರಲ್ಲಿ ಶುರುವಾದದ್ದು. ಇವೆಲ್ಲ ನಮ್ಮ ಆರಾಧನೆಯ ಜಾಗಗಳಲ್ಲ, ಆದರೆ ನಮ್ಮ ಊರಿನ ಚರಿತ್ರೆ. ಹೊರಗಿನಿಂದ ಗೌರವದಿಂದ ನಿಂತು ನೋಡಿ, ಅಲ್ಲಿಯ ಇಸವಿ ಬರೆದುಕೊಂಡು ಬಂದರೆ ನಮ್ಮ ಈಮಾನ್ ಕರಗುವುದಿಲ್ಲ. ಹಾಗೆಯೇ ಬೇರೆ ಮಕ್ಕಳು ನಮ್ಮ ಪಳ್ಳಿಯ ಬಾಗಿಲಿಗೆ ಬಂದು ಕಂಬದ ಕೆತ್ತನೆ ಕೇಳಿದರೆ, ಕುಡಿಯಲು ಒಂದು ಗ್ಲಾಸ್ ನೀರು ಕೊಟ್ಟು ವಿವರಿಸುವವರು ನಮ್ಮಲ್ಲಿ ಇರಬೇಕು.

ಈಗ ತಂದೆತಾಯಿಯರ ಭಯಕ್ಕೆ ಬರುತ್ತೇನೆ. ಆ ಭಯವನ್ನು ನಾನು ಹಗುರವಾಗಿ ನೋಡುವವನಲ್ಲ. ನಮ್ಮ ಜಿಲ್ಲೆಯಲ್ಲಿ ಒಟ್ಟಿಗೆ ನಿಂತ ಹುಡುಗ ಹುಡುಗಿಯರ ಹೆಸರು ಕೇಳಿ ತಡೆದು ನಿಲ್ಲಿಸಿದ ಘಟನೆಗಳು ನಡೆದಿವೆ. ತಡೆದವರಲ್ಲಿ ಒಂದೇ ಸಮುದಾಯದವರು ಮಾತ್ರ ಎಂದು ಹೇಳುವ ಹಾಗೂ ಇಲ್ಲ. ಟೊಪ್ಪಿ ಹಾಕಿದ ಹುಡುಗ ಒಂದು ಚೀಟಿ ಹಿಡಿದು ಯಾವುದೋ ಗೇಟಿನ ಮುಂದೆ ಫೋಟೋ ತೆಗೆದರೆ ಯಾರಾದರೂ ಸಂಶಯಪಡಬಹುದು. ಇದು ಸತ್ಯ. ಆದರೆ ಇದಕ್ಕೆ ಉತ್ತರ ಮಕ್ಕಳನ್ನು ಮನೆಯಲ್ಲಿ ಕೂರಿಸುವುದು ಎಂದಾದರೆ, ಊರನ್ನು ನಾವೇ ಬಿಟ್ಟುಕೊಟ್ಟಂತೆ. ಹುಡುಗರನ್ನು ಕೂರಿಸಲು ನಮ್ಮಿಂದ ಆಗುವುದೂ ಇಲ್ಲ. ಅವರು ಬೈಕ್ ಹತ್ತಿ ಎಲ್ಲಿಗೋ ಹೋಗುತ್ತಾರೆ. ಮನೆಯಲ್ಲಿ ಉಳಿಯುವವರು ಹೆಣ್ಣುಮಕ್ಕಳು ಮಾತ್ರ. ಹತ್ತನೇ ತರಗತಿಯಲ್ಲಿ ತೊಂಬತ್ತು ಶೇಕಡಾ ತೆಗೆಯುವವರೂ ಅವರೇ, ಬಸ್ಸಿಳಿದು ಒಂದು ಆಫೀಸು ಹುಡುಕಲು ತಮ್ಮನನ್ನು ಕರೆದುಕೊಂಡು ಹೋಗುವವರೂ ಅವರೇ. ಇದು ಸರಿಯಾ ಮಾರಾಯ್ರೆ?

ಭಯ ಇದ್ದರೆ ಎಚ್ಚರಿಕೆ ಬೇಕು. ಆ ನಾಲ್ವರ ಮನೆಯವರ ಜೊತೆ ಕುಳಿತು ನಾವು ಕೆಲವು ಮಾತು ನಿಶ್ಚಯ ಮಾಡಿದೆವು. ಹುಡುಗಿಯರದ್ದೇ ತಂಡ, ಜೊತೆಗೆ ಒಬ್ಬಳ ಉಮ್ಮ. ತಂಡಕ್ಕೆ ಒಂದೇ ಫೋನ್, ಅದು ಉಮ್ಮನ ಕೈಯಲ್ಲಿ. ಕುತ್ತಿಗೆಯಲ್ಲಿ ಕಾಲೇಜಿನ ಐಡಿ ಕಾರ್ಡ್. ಲುಹರ್ ನಮಾಝಿಗೆ ಎಲ್ಲಿ ಅನುಕೂಲ ಎಂದು ಮೊದಲೇ ನೋಡಿಡುವುದು. ಅಸರ್ ಹೊತ್ತಿಗೆ ಆಟ ಮುಗಿದು, ಮಗ್ರಿಬಿನ ಮೊದಲು ಮನೆ. ಯಾರ ಆರಾಧನಾಲಯದ ಒಳಗೂ ಕೇಳದೆ ಹೆಜ್ಜೆ ಇಡುವಂತಿಲ್ಲ, ಬೊಬ್ಬೆ ಹಾಕುವಂತಿಲ್ಲ. ನಡೆಸುವವರು ಪೊಲೀಸರಿಗೆ ತಿಳಿಸಿದ್ದಾರಾ ಎಂದು ನಾನೇ ಫೋನ್ ಮಾಡಿ ಕೇಳಿದೆ, ತಿಳಿಸಿದ್ದರು. ನನ್ನಲ್ಲಿಗೆ ಬಂದಿದ್ದ ಆ ಬಾಪ ಇಷ್ಟೆಲ್ಲ ಕೇಳಿ, “ಹಾಗಾದರೆ ಹೋಗಲಿ, ಆದರೆ ಗಂಟೆಗೊಮ್ಮೆ ಫೋನ್ ಮಾಡಬೇಕು” ಎಂದರು. ತಂದೆಯಾದವರು ಹಾಗೆ ಕೇಳಬೇಕಾದದ್ದೇ. ಮಕ್ಕಳು ಮಾಡಿದರು ಕೂಡ.

ಇನ್ನೊಂದು ಮುಖ್ಯ ವಿಷಯ ದುಡ್ಡಿನದ್ದು. ಕೆಲವು ಕಡೆ ಪ್ರತಿ ತಂಡದಿಂದ ಹಣ ತೆಗೆದು, ಆ ಹಣವನ್ನೇ ಒಟ್ಟು ಮಾಡಿ ಗೆದ್ದವರಿಗೆ ಕೊಡುತ್ತಾರೆ. ಎಲ್ಲರೂ ಹಾಕಿದ್ದನ್ನು ಒಬ್ಬ ಹೊತ್ತುಕೊಂಡು ಹೋಗುವುದು ಜೂಜಿನ ದಾರಿ. ಅಂಥದ್ದಕ್ಕೆ ನಮ್ಮ ಮಕ್ಕಳು ಹೋಗಬಾರದು. ಪ್ರಮಾಣಪತ್ರ, ಪುಸ್ತಕ, ಒಂದು ಊಟ, ಇಂಥ ಮರ್ಯಾದೆಯ ಬಹುಮಾನ ಇರುವ, ಹಣ ಹೂಡುವ ಪ್ರಶ್ನೆಯೇ ಇಲ್ಲದ ಆಟ ಸಾಕು. ದೊಡ್ಡ ಮೊತ್ತದ ಬಹುಮಾನ ಕಂಡರೆ, ಹೆಸರು ಕೊಡುವ ಮೊದಲು ನಿಮ್ಮ ಜಮಾಅತಿನ ಖತೀಬರಲ್ಲಿ ಕೇಳಿಕೊಳ್ಳಿ. ಕೇಳಲು ನಾಚಿಕೆ ಬೇಡ.

ನಡೆಸುವವರಿಗೂ ಒಂದು ಮಾತು. ಸುಳಿವುಗಳೆಲ್ಲ ಇಂಗ್ಲಿಷಿನಲ್ಲಿ ಯಾಕೆ? ಊರು ಕನ್ನಡ, ತುಳು, ಕೊಂಕಣಿ, ಬ್ಯಾರಿಯಲ್ಲಿ ಮಾತಾಡುವಾಗ ಚೀಟಿ ಮಾತ್ರ ಇಂಗ್ಲಿಷ್ ಮಾತಾಡಿದರೆ, ಸರಕಾರಿ ಶಾಲೆಯ ಮಕ್ಕಳು ಶುರುವಿನಲ್ಲೇ ಹಿಂದೆ ಬೀಳುತ್ತಾರೆ. ಆ ದಿನ ಕನ್ನಡದಲ್ಲಿ ಇದ್ದದ್ದು ಮೂರು ಸುಳಿವು. ಹೆಂಚಿನದ್ದು ಆ ಮೂರರಲ್ಲಿ ಒಂದು. ಅದು ಇಂಗ್ಲಿಷಿನಲ್ಲಿ ಇದ್ದಿದ್ದರೆ ಆ ಉಮ್ಮ ಬಾಯಿ ತೆರೆಯಲು ಅವಕಾಶವೇ ಇರುತ್ತಿರಲಿಲ್ಲ. ಅಜ್ಜಿಯರ ಬಾಯಲ್ಲಿರುವ ಒಗಟುಗಳನ್ನು ತೆಗೆದು ಸುಳಿವು ಮಾಡಿದರೆ ಆಟವೂ ಚೆಂದ, ಭಾಷೆಯೂ ಉಳಿಯುತ್ತದೆ.

ನಮ್ಮ ಜಮಾಅತ್‌ಗಳು, ಯುವಕರ ಸಂಘಟನೆಗಳು ಮನಸ್ಸು ಮಾಡಿದರೆ ನಾವೇ ಒಂದು ನಡೆಸಬಹುದು. ಕ್ರಿಕೆಟ್ ಟೂರ್ನಮೆಂಟಿಗೆ ಫ್ಲೆಕ್ಸ್, ಲೈಟ್, ಮೈಕ್ ಎಂದು ನಾವು ಮಾಡುವ ಖರ್ಚಿನ ಸಣ್ಣ ಪಾಲು ಸಾಕು. ಇದಕ್ಕೆ ಬೇಕಾದದ್ದು ಹತ್ತು ಚೀಟಿ, ಊರು ಗೊತ್ತಿರುವ ನಾಲ್ಕು ಹಿರಿಯರು, ದಾರಿಯಲ್ಲಿ ನಿಲ್ಲಲು ಕೆಲವು ಸ್ವಯಂಸೇವಕರು. ಆದರೆ ಅದನ್ನು ನಮ್ಮ ಮಕ್ಕಳಿಗೆ ಮಾತ್ರ ಎಂದು ಮಾಡಬೇಡಿ. ನೆರೆಮನೆಯ ಮಕ್ಕಳನ್ನೂ ಸೇರಿಸಿ. ಬಂದರಿನ ಗಲ್ಲಿ ಗೊತ್ತಿರುವವನಿಗೆ ರಥಬೀದಿ ಗೊತ್ತಿರುವುದಿಲ್ಲ, ರಥಬೀದಿಯವನಿಗೆ ಕಂಡತ್ ಪಳ್ಳಿ ಗೊತ್ತಿರುವುದಿಲ್ಲ. ಇಬ್ಬರೂ ಒಂದೇ ತಂಡದಲ್ಲಿದ್ದರೆ ಮಾತ್ರ ಚೀಟಿ ಪೂರ್ತಿ ಬಿಡಿಸಲು ಆಗುತ್ತದೆ.

ನಮ್ಮ ಹುಡುಗಿಯರು ಗೆದ್ದರಾ ಎಂದು ಕೇಳುವಿರಿ. ಇಲ್ಲ, ಗೆಲ್ಲಲಿಲ್ಲ. ಕೊನೆಯ ಎರಡು ಸುಳಿವು ಬಾಕಿ ಇರುವಾಗಲೇ ಸಮಯ ಮುಗಿಯಿತು. ಆದರೆ ಮರುದಿನ ಅವರಲ್ಲಿ ಒಬ್ಬಳು ಬಂದು ಕೇಳಿದ ಪ್ರಶ್ನೆ, “ಉಸ್ತಾದ್, ನಾವು ವೆನ್ಲಾಕ್, ಲೇಡಿಗೋಷನ್ ಎಂದು ದಿನಾ ಹೇಳುತ್ತೇವೆ, ಅವರು ಯಾರು?” ಇಬ್ಬರೂ ಮದ್ರಾಸಿನ ಗವರ್ನರರ ಕಾಲಕ್ಕೆ ಸೇರಿದ ಹೆಸರುಗಳು. ವೆನ್ಲಾಕ್ ಗವರ್ನರ್ ಆಗಿದ್ದವರು, ಲೇಡಿ ಗೋಷನ್ ಮತ್ತೊಬ್ಬ ಗವರ್ನರರ ಹೆಂಡತಿ. ಅವಳು ಹುಟ್ಟಿದ್ದೇ ಲೇಡಿಗೋಷನ್ ಆಸ್ಪತ್ರೆಯಲ್ಲಿ. ಹದಿನೇಳು ವರ್ಷದಲ್ಲಿ ಆ ಪ್ರಶ್ನೆ ಮೊದಲ ಸಲ ಅವಳಿಗೆ ಬಂತು.

ಆದ್ದರಿಂದ ನನ್ನ ವಿನಂತಿ ಇಷ್ಟೇ. ಮುಂದೆ ನಿಮ್ಮ ಮಗನೋ ಮಗಳೋ ಇಂಥ ಆಟಕ್ಕೆ ಹೋಗುತ್ತೇನೆ ಎಂದು ಬಂದರೆ ಬೇಡ ಎನ್ನುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಯಾರು ನಡೆಸುತ್ತಾರೆ? ಜೊತೆಗೆ ಯಾರಿದ್ದಾರೆ? ಹಣದ ಲೆಕ್ಕ ಹೇಗೆ? ಎಷ್ಟು ಹೊತ್ತಿಗೆ ಮನೆ? ನಾಲ್ಕಕ್ಕೂ ಸರಿಯಾದ ಉತ್ತರ ಇದ್ದರೆ ಬಸ್ಸಿನ ಚಿಲ್ಲರೆ ಕೊಟ್ಟು ಕಳುಹಿಸಿ. ಬಿಡುವಿದ್ದರೆ ನೀವೂ ಹೋಗಿ.